ನಮ್ಮ ಮನೆಯ ಶಿಲಾಯುಗ

ಮನುಷ್ಯಕುಲದ ಚರಿತ್ರೆಯಲ್ಲಿ ಶಿಲಾಯುಗಕ್ಕೆ ಬಹು ದೊಡ್ಡ ಸ್ಥಾನವಿದೆ. ಅದು ಲಕ್ಷಾಂತರ ವರ್ಷ ನಡೆಯಿತೆಂದು ತಿಳಿದವರು ಹೇಳುತ್ತಾರೆ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅದು ಒಂದು ಬುಧವಾರ ಬೆಳಿಗ್ಗೆ ಶುರುವಾಗಿ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯಿತು.

ನಮ್ಮದು ಮಣ್ಣಿನ ಗೋಡೆಯ, ನಾಡಹೆಂಚಿನ ಮನೆ. ಯುಗಾದಿಗೊಮ್ಮೆ, ಗೌರಿಹಬ್ಬಕ್ಕೊಮ್ಮೆ ಮುಂಗೋಡೆಗೆ ಸುಣ್ಣ ಬೀಳಲೇಬೇಕು. ನನ್ನ ಅಜ್ಜಿ ಹೊಡೆದದ್ದರ ಮೇಲೆ ಅವ್ವ ಹೊಡೆದು, ಅವ್ವ ಹೊಡೆದದ್ದರ ಮೇಲೆ ನನ್ನ ಹೆಂಡತಿ ರತ್ನಮ್ಮ ಹೊಡೆದು, ಆ ಗೋಡೆಯಲ್ಲಿ ಮಣ್ಣೆಷ್ಟು ಸುಣ್ಣವೆಷ್ಟು ಎಂದು ಹೇಳುವುದೇ ಕಷ್ಟ. ಸುಣ್ಣ ಹೊಡೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಗಂಡಸರ ಕೆಲಸ ದೂರ ನಿಂತು, "ಅಲ್ಲೊಂಚೂರು ಬಿಟ್ಟೋಯ್ತು" ಎನ್ನುವುದು. ಈ ಕರ್ತವ್ಯವನ್ನು ನಾನು ಮೂವತ್ತು ವರ್ಷ ಒಂದು ಲೋಪವೂ ಇಲ್ಲದೆ ನಿರ್ವಹಿಸಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗ ಮಹೇಶ ಬೇಗೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅವನಿಗೊಂದು ಸಂಬಂಧ ಬಂದಿತ್ತು. ತೆರಕಣಾಂಬಿಯ ಹುಡುಗಿ; ನಮ್ಮೂರಿನಲ್ಲೇ ನರ್ಸು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ಜಾತಕವೂ ತಕರಾರು ಮಾಡಿರಲಿಲ್ಲ. ಉಳಿದದ್ದು ಗೋಡೆ. ಹೆಣ್ಣು ಕೊಡುವವರು ಮೊದಲು ಗಂಡಿನ ಮನೆ ನೋಡಿಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ಹೋದ ವರ್ಷ ಹರದನಹಳ್ಳಿಯವರು ಹೀಗೇ ಬಂದಿದ್ದರು. ಕಾಫಿ ಕುಡಿದರು, ಗೋಡೆ ನೋಡಿದರು, "ಹಳೇ ಮನೆ" ಎಂದು ತಮ್ಮತಮ್ಮಲ್ಲೇ ಅಂದುಕೊಂಡರು, "ಹೇಳಿ ಕಳಿಸ್ತೀವಿ" ಎಂದು ಎದ್ದರು. ಇನ್ನೂ ಹೇಳಿ ಕಳಿಸಿಲ್ಲ. ಈ ಸಲ ತೆರಕಣಾಂಬಿಯವರು ಭಾನುವಾರ ಬರುವುದೆಂದು ಗೊತ್ತಾಗಿತ್ತು.

"ಅಪ್ಪಾ, ಅವರು ಅಂಥವರಲ್ಲ. ನೀವು ಏನೂ ಮಾಡಕ್ಕೋಗ್ಬೇಡಿ" ಎಂದ ಮಹೇಶ.

ನಾನು ಸರ್ವೆಯರಾಗಿ ನಿವೃತ್ತನಾದವನು. ಊರವರ ಜಮೀನಿನ ಮಧ್ಯೆ ಸರಪಳಿ ಎಳೆದು, ಅಣ್ಣತಮ್ಮಂದಿರು ಹೊಡೆದಾಡುತ್ತಿದ್ದ ಬದುಗಳ ಮೇಲೆ ನಿಂತು ಗೆರೆ ಹಾಕಿಕೊಟ್ಟವನು. ಏನೂ ಮಾಡಬೇಡಿ ಎಂಬ ಮಾತು ನನ್ನ ಮೈಗೆ ಒಗ್ಗುವುದಿಲ್ಲ.

ಊಟಿ ರಸ್ತೆಯ ಕಡೆ ಹೊಸದಾಗಿ ಎದ್ದಿರುವ ಮನೆಗಳನ್ನು ನೀವೂ ನೋಡಿರಬಹುದು. ಮುಂಗೋಡೆಗೆಲ್ಲ ಒರಟು ಕಲ್ಲು. ದೂರದಿಂದ ನೋಡಿದರೆ ಕೋಟೆ. ಹತ್ತಿರ ಹೋದರೆ ಆ ಕಲ್ಲು ಬರೀ ಬೆರಳು ದಪ್ಪ, ಗೋಡೆಗೆ ಅಂಟಿಸಿದ್ದು. ಬುಧವಾರ ಬೆಳಿಗ್ಗೆ ನಾನು ಅದನ್ನು ಮಾರುವ ಅಂಗಡಿಯಲ್ಲಿದ್ದೆ. ಅಂಗಡಿಯ ಯಜಮಾನ ಕೇರಳದ ಕಡೆಯವನು.

"ಇದು ಹಾಕಿದ್ರೆ ಹಳೇ ಮನೆ ಅಂತ ಯಾರೂ ಹೇಳಲ್ಲ ಸಾರ್. ಅಡಿಪೊಳಿ" ಎಂದ.

ಆ ಕೊನೆಯ ಮಾತಿನ ಅರ್ಥ ನನಗೆ ಆಗಲಿಲ್ಲ. ಆದರೆ ಹೇಳಿದ ರೀತಿಯಲ್ಲಿ ಭರವಸೆಯಿತ್ತು. ಹದಿನಾಲ್ಕು ಡಬ್ಬ ಕಲ್ಲು, ಅಂಟಿಸುವ ಗಮ್ಮಿನ ಆರು ಚೀಲ, ಎಲ್ಲವನ್ನೂ ಆಟೋಗೆ ಹೇರಿಸಿ ಮನೆ ಮುಂದೆ ಇಳಿಸಿದೆ. ರತ್ನಮ್ಮ ಬಾಗಿಲಿಗೆ ಬಂದು ನೋಡಿದಳು.

"ಏನ್ರೀ ಇದು?"

"ಕಲ್ಲು."

"ಕಲ್ಲು ರಟ್ಟಿನ ಡಬ್ಬದಲ್ಲಿ ಬತ್ತದಾ?"

ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ನಮ್ಮ ಚಾಮರಾಜನಗರದ ಕರಿಕಲ್ಲು ಹಡಗಿನಲ್ಲಿ ಸಮುದ್ರ ದಾಟಿ ಹೋಗುತ್ತದೆ. ಒಂದೊಂದು ಬಂಡೆಗೆ ಒಂದೊಂದು ಲಾರಿ ಬೇಕು. ಅದೇ ಜಿಲ್ಲೆಯವನಾದ ನಾನು ಎಲ್ಲಿಂದಲೋ ಡಬ್ಬದಲ್ಲಿ ಬಂದ ಕಲ್ಲಿನ ಸಿಪ್ಪೆ ತಂದಿದ್ದೆ.

"ಇದು ಈಗಿನ ಕಾಲದ ಕಲ್ಲು" ಎಂದೆ.

ಮಧ್ಯಾಹ್ನಕ್ಕೆ ಜಬ್ಬಾರ್ ಮೇಸ್ತ್ರಿಯನ್ನು ಕರೆಸಿದೆ. ಜಬ್ಬಾರ್ ಸಾಹೇಬರು ಕಲ್ಲಿನ ಕಡೆ ನೋಡಲೇ ಇಲ್ಲ. ಗೋಡೆಯ ಹತ್ತಿರ ಹೋಗಿ ಹೆಬ್ಬೆರಳಿನ ಉಗುರನ್ನು ಒತ್ತಿ ಎತ್ತಿದರು. ಹಪ್ಪಳದಷ್ಟು ಅಗಲದ ಸುಣ್ಣದ ಚಕ್ಕೆ ಅವರ ಕೈಗೆ ಬಂತು. ಅದನ್ನು ಅಡ್ಡ ತಿರುಗಿಸಿ ತೋರಿಸಿದರು. ಬಿಳಿ, ನೀಲಿ ಹೆಚ್ಚಾದ ಬಿಳಿ, ಮತ್ತೆ ಬಿಳಿ, ನಡುವೆ ಒಂದು ವರ್ಷ ಯಾರಿಗೋ ಹುಮ್ಮಸ್ಸು ಬಂದು ಹೊಡೆದಿದ್ದ ಹಳದಿ. ನಮ್ಮ ವಂಶದ ಯುಗಾದಿಗಳೆಲ್ಲ ಅಲ್ಲಿದ್ದವು.

"ಸಾರ್, ಸುಣ್ಣದ ಮೇಲೆ ಕಲ್ಲು ನಿಲ್ಲಲ್ಲ. ಪೂರಾ ಕೆರೀಬೇಕು. ಆಮೇಲೆ ಮಣ್ಣಿಗೆ ಜಾಲರಿ ಹೊಡೆದು, ಸಿಮೆಂಟ್ ಗಾರೆ ಮಾಡಿ, ಹತ್ತು ದಿನ ನೀರು ಕುಡಿಸ್ಬೇಕು. ಆಮೇಲೆ ಕಲ್ಲು."

"ಭಾನುವಾರದೊಳಗೆ ಆಗಬೇಕಲ್ಲ ಸಾಹೇಬ್ರೆ."

"ಯಾವ ಭಾನುವಾರ ಸಾರ್?"

"ಬರೋ ಭಾನುವಾರ."

ಜಬ್ಬಾರ್ ಸಾಹೇಬರು ಆ ಚಕ್ಕೆಯನ್ನು ನನ್ನ ಅಂಗೈಯಲ್ಲಿಟ್ಟು, ಮೇಲಿನವನು ಒಳ್ಳೆಯದು ಮಾಡಲಿ ಎಂಬ ಮುಖ ಮಾಡಿ, ಬೈಕ್ ಹತ್ತಿದರು.

ಅವರು ಹೋದಮೇಲೆ ನನ್ನ ಉತ್ಸಾಹ ಇಮ್ಮಡಿಯಾಯಿತು. ಒಂದು ಗೋಡೆಗೆ ಕಲ್ಲು ಅಂಟಿಸಲು ಮೇಸ್ತ್ರಿ ಏಕೆ? ನನ್ನ ಹತ್ತಿರ ದಾರವಿತ್ತು, ರಸಮಟ್ಟವಿತ್ತು, ಮೂರು ದಿನವಿತ್ತು. ಸಾಲದ್ದಕ್ಕೆ ಆತ್ಮವಿಶ್ವಾಸವಿತ್ತು.

ಗುರುವಾರ ಬೆಳಿಗ್ಗೆ ಸುಣ್ಣ ಕೆರೆಯಲು ಕೂತೆ. ಆಯುಧ, ರತ್ನಮ್ಮನ ದೋಸೆ ಮಗುಚುವ ಕೈ. ಎರಡು ಗಂಟೆಯಲ್ಲಿ ಒಂದು ಬಾಗಿಲಿನಷ್ಟು ಅಗಲ, ಎದೆಯಷ್ಟು ಎತ್ತರ ಕೆರೆದೆ. ಅಷ್ಟರಲ್ಲಿ ನಲವತ್ತು ಸಲ ಸೀನಿದ್ದೆ. ಬೀದಿಯೆಲ್ಲ ಬಿಳಿ ಧೂಳು. ಎದುರುಮನೆಯ ಚಿಕ್ಕತಾಯಮ್ಮ ಮಂಚದ ಮೇಲೆ ಒಣಹಾಕಿದ್ದ ಹಪ್ಪಳದ ಹತ್ತಿರ ನಿಂತು ಸೊಂಟಕ್ಕೆ ಕೈಕೊಟ್ಟಳು.

"ಸರ್ವೆಯರಪ್ಪ, ನನ್ ಹಪ್ಪಳಕ್ಕೂ ಒಂದ್ ಕೋಟು ಸುಣ್ಣ ಹೊಡ್ಕೊಟ್ರಾ?"

"ಗಾಳಿ ಕಣಮ್ಮ, ನಾನೇನು ಮಾಡ್ಲಿ."

"ಗಾಳಿ ಮ್ಯಾಲೆ ಆಕ್ಬುಡಿ. ಅಲ್ಲಾ, ನಿಮ್ ಸೊಸೆ ಆಗೋ ಹುಡುಗಿ ದಿನಾ ಸಂಜೆ ಡೂಟಿ ಮುಗುಸ್ಕಂಡು ಇದೇ ಬೀದೀಲಿ ಬಸ್ಟಾಂಡಿಗೆ ಓಗೋದು. ಈ ಗ್ವಾಡೆ ನೋಡುದ್ರೆ ಏನಂದ್ಕಂಡಾಳು? ಕಜ್ಜಿ ಅತ್ತಿದಂಗದೆ."

ನಾನು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಕಜ್ಜಿ ಎಂಬ ಮಾತು ಕಠೋರವಾಗಿತ್ತು. ಸುಳ್ಳಾಗಿರಲಿಲ್ಲ. ಸಂಜೆಯೊಳಗೆ ಇಡೀ ಗೋಡೆ ಕೆರೆಯುವುದು ಅಸಾಧ್ಯ. ಹುಡುಗಿ ಹಾದುಹೋಗುವುದು ಖಚಿತ.

ಇಂಥ ಸಂದರ್ಭದಲ್ಲಿ ನಮ್ಮ ಮನೆತನದವರು ಏನು ಮಾಡುತ್ತಾ ಬಂದಿದ್ದಾರೋ ಅದನ್ನೇ ನಾನೂ ಮಾಡಿದೆ. ಹಿತ್ತಲಿನ ತೊಟ್ಟಿಯಲ್ಲಿ ಉಳಿದಿದ್ದ ಸುಣ್ಣ ಕಲಸಿ ಇಡೀ ಗೋಡೆಗೆ ಬಳಿದುಬಿಟ್ಟೆ. ಸಂಜೆ ಹುಡುಗಿ ಹಾದುಹೋದಳು. ಗೋಡೆ ಬೆಳ್ಳಗೆ ನಗುತ್ತಿತ್ತು. ಸುಣ್ಣ ತೆಗೆಯಲು ಹೊರಟವನು ಸುಣ್ಣ ಹೊಡೆದು ಮುಗಿಸಿದ್ದೇನೆ ಎಂಬುದು ಕೈಕಾಲು ತೊಳೆಯುವಾಗ ಹೊಳೆಯಿತು. ಆದರೂ ಎದೆಗುಂದಲಿಲ್ಲ. ಯಾವ ಕೆಲಸಕ್ಕೂ ನೆಲೆಗಟ್ಟು ಚೊಕ್ಕಟವಾಗಿರಬೇಕು. ಅದಕ್ಕಿಂತ ಚೊಕ್ಕಟ ಗೋಡೆ ಆ ದಿನ ತಾಲ್ಲೂಕಿನಲ್ಲೇ ಇರಲಿಲ್ಲ.

ಶುಕ್ರವಾರ ಕಲ್ಲು ಅಂಟಿಸಲು ತೊಡಗಿದೆ. ಮೇಲಿನಿಂದ ಶುರುಮಾಡಿದೆ. ಮೊದಲ ಕಲ್ಲು ನಿಧಾನವಾಗಿ, ಮರ್ಯಾದೆಯಿಂದ, ನೆಲದವರೆಗೂ ಜಾರಿ ಬಂತು. ಎರಡನೆಯದೂ ಹಿಂದೆಯೇ ಬಂತು. ಹಾಗಾದರೆ ಕೆಳಗಿನಿಂದ ಶುರುಮಾಡಬೇಕು ಎಂಬ ಸತ್ಯವನ್ನು ನಾನು ಹೀಗೆ ಸ್ವಂತ ಪರಿಶ್ರಮದಿಂದ ಕಂಡುಹಿಡಿದೆ. ದಾರ ಎಳೆದು ಕಟ್ಟಿದೆ. ದಾರ ನೇರವಾಗಿತ್ತು. ಗೋಡೆ ಹೊಟ್ಟೆ ಬಿಟ್ಟಿತ್ತು. ಇಬ್ಬರ ನಡುವೆ ರಾಜಿ ಮಾಡಿಸಿ, ಹಳ್ಳವಿದ್ದಲ್ಲಿ ಗಮ್ಮು ಜಾಸ್ತಿ ಮೆತ್ತಿ, ಶನಿವಾರ ಸಂಜೆಗೆ ಕೊನೆಯ ಕಲ್ಲು ಕೂರಿಸಿದೆ.

ಅದೊಂದು ನೋಟ. ಬೀದಿಯವರೆಲ್ಲ ಬಂದು ನಿಂತರು. ಚಿಕ್ಕತಾಯಮ್ಮ ಕೂಡ ಹಪ್ಪಳದ ವಿಷಯ ಮರೆತು, "ಬಂಗ್ಲೆ ಮಾಡ್ಬುಟ್ರಿ ಕಣ್ರಪ್ಪ" ಎಂದಳು. ಮಹೇಶ ಬಸ್ಸಿಳಿದು ಬಂದವನು ನಮ್ಮ ಮನೆ ದಾಟಿ ಎರಡು ಮನೆ ಮುಂದೆ ಹೋಗಿ ವಾಪಸು ಬಂದ. ರತ್ನಮ್ಮ ಮಾತ್ರ ಗೋಡೆಯನ್ನು ಉದ್ದಕ್ಕೂ ನೋಡಿ, "ನಿಂತದಾ ಇದು?" ಎಂದಳು.

ವಿಜಯದ ಅಮಲಿನಲ್ಲಿ ಮನುಷ್ಯ ಏನು ಬೇಕಾದರೂ ಆಡುತ್ತಾನೆ. "ಒಂದೇ ಒಂದು ಕಲ್ಲು ಬಿದ್ದರೆ, ನಾನು ಬದುಕಿರೋತನಕ ಈ ಮನೆಗೆ ಸುಣ್ಣ ನಾನೇ ಹೊಡೀತೀನಿ" ಎಂದೆ. ಬೀದಿಯ ಅಷ್ಟೂ ಜನರ ಎದುರಿಗೆ.

"ಎಲ್ಲಾ ಕೇಳುಸ್ಕಂಡ್ರಾ?" ಎಂದು ರತ್ನಮ್ಮ ಜನರ ಕಡೆ ತಿರುಗಿ ಕೇಳಿದಳು.

ಭಾನುವಾರ ಬೆಳಿಗ್ಗೆ ಅವಳು ದೀಪ ಹಿಡಿದು ಹೊರಗೆ ಬಂದು ಹಾಗೇ ನಿಂತಳು. "ದೀಪದ ಗೂಡೆಲ್ರಿ?" ಬಾಗಿಲ ಪಕ್ಕದ ಗೂಡನ್ನು ನಾನು ಕಲ್ಲಿನಿಂದ ಮುಚ್ಚಿಬಿಟ್ಟಿದ್ದೆ. ನೆಂಟರು ಬರುವ ದಿನ ದೀಪವಿಲ್ಲದಿರುವುದುಂಟೆ? ಸುತ್ತಿಗೆ ತಂದು ಎರಡು ಕಲ್ಲು ಬಿಡಿಸಿದೆ. ಗೂಡು ಸಿಕ್ಕಿತು. ಗೋಡೆಯ ಒಳಗೆಲ್ಲೋ ಸರಸರ ಎಂದು ಸದ್ದಾಯಿತು. ಹಲ್ಲಿ ಎಂದುಕೊಂಡೆ.

ಹನ್ನೊಂದೂವರೆಗೆ ತೆರಕಣಾಂಬಿಯವರು ಬಂದರು. ಏಳು ಜನ. ಹುಡುಗಿಯ ತಂದೆ ಮಹದೇವಪ್ಪನವರು, ಅವರ ಅಕ್ಕ, ಉಳಿದವರು ನೆಂಟರು. ಎಲ್ಲರೂ ಹದಿನಾಲ್ಕು ಚಪ್ಪಲಿಗಳನ್ನು ಗೋಡೆಯ ಬುಡದಲ್ಲಿ ಸಾಲಾಗಿ ಬಿಟ್ಟು ಒಳಗೆ ಬಂದರು. ಕಾಫಿಯಾಯಿತು. ನಾನು ಮಾತನ್ನು ಸಹಜವಾಗಿ ಗೋಡೆಯ ಕಡೆಗೆ ತಿರುಗಿಸುವ ಮೊದಲು ಮಹದೇವಪ್ಪನವರನ್ನು ಔಪಚಾರಿಕವಾಗಿ ಕೇಳಿದೆ:

"ತಾವು ಏನು ಮಾಡಿಕೊಂಡಿದ್ದಿರಿ?"

"ಮೂವತ್ತೊರ್ಸ ಚಾಮರಾಜನಗರದ ಕಡೆ ಕ್ವಾರೀಲಿ ಮೇಸ್ತ್ರಿ ಆಗಿದ್ದೆ ಸ್ವಾಮಿ. ಬಂಡೆ ತಟ್ಟಿ ನೋಡೋ ಕೆಲ್ಸ. ಸದ್ದು ಕೇಳುದ್ರೆ ಒಳಗೆ ಬಿರುಕದ ಇಲ್ವಾ ಅಂತ ಗೊತ್ತಾಗ್ಬುಡ್ತದೆ."

ನಾನು ಮಹೇಶನ ಮುಖ ನೋಡಿದೆ. "ನೀವು ಕೇಳಲಿಲ್ಲ ಅಪ್ಪಾ" ಎಂದ ಮೆಲ್ಲಗೆ.

ಮಹದೇವಪ್ಪನವರು ಎದ್ದರು. ಕಲ್ಲು ಕಂಡಮೇಲೆ ಅವರಿಗೆ ಕೂರಲು ಆಗಲಿಲ್ಲ. ಎಲ್ಲರೂ ಹಿಂದೆಯೇ ಜಗುಲಿಗೆ ಬಂದೆವು. ಅವರು ಜಗುಲಿಯ ತುದಿಯಿಂದಲೇ ಕೈಚಾಚಿ, ಬೆರಳ ಗೆಣ್ಣಿನಿಂದ ಒಂದು ಕಲ್ಲನ್ನು ತಟ್ಟಿದರು. ಡಬ್. ಪಕ್ಕದ್ದನ್ನು ತಟ್ಟಿದರು. ಡಬ್. ವೈದ್ಯರು ರೋಗಿಯ ಮನೆಯವರನ್ನು ನೋಡುವಂತೆ ನನ್ನನ್ನು ನೋಡಿದರು.

"ಸ್ವಾಮಿ, ಈ ಕಲ್ಲು ಗ್ವಾಡೆ ಮ್ಯಾಲಿಲ್ಲ."

"ಮತ್ತೆ?"

"ಸುಣ್ಣದ ಮ್ಯಾಲದೆ."

ಸರಿಯೋ ತಪ್ಪೋ ಎಂದು ಖಚಿತಪಡಿಸಿಕೊಳ್ಳಲು ಮೂರನೆಯ ಸಲ ತಟ್ಟಿದರು. ಅಷ್ಟು ಸಾಕಾಯಿತು. ಹೆಂಚಿನಿಂದ ದೋಸೆ ಏಳುವಂತೆ ಗೋಡೆಯ ಮುಖ ಮೇಲಿನಿಂದ ಇಡಿಯಾಗಿ ಬಿಟ್ಟುಕೊಂಡು, ಒಂದು ಕ್ಷಣ ಆಲೋಚಿಸಿ, ಅಂಗಳಕ್ಕೆ ಬಿತ್ತು. ನನ್ನ ಕಲ್ಲು, ಅದರ ಹಿಂದೆ ನನ್ನ ಗುರುವಾರದ ಸುಣ್ಣ, ಅದರ ಹಿಂದೆ ರತ್ನಮ್ಮನ ಯುಗಾದಿಗಳು, ಅವ್ವನ ಯುಗಾದಿಗಳು, ಆ ಹಳದಿ ವರ್ಷ. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಜಗುಲಿಯ ಮೇಲಿದ್ದೆವು. ಅಂಗಳದಲ್ಲಿದ್ದದ್ದು ಹದಿನಾಲ್ಕು ಚಪ್ಪಲಿ.

ಧೂಳು ಅಡಗಿತು. ಎದುರುಮನೆಯಿಂದ ಚಿಕ್ಕತಾಯಮ್ಮನ ದನಿ ಕೇಳಿಸಿತು: "ಅಯ್ಯೋ ನನ್ ಹಪ್ಪಳ."

ಹರದನಹಳ್ಳಿಯವರಾಗಿದ್ದರೆ "ಹೇಳಿ ಕಳಿಸ್ತೀವಿ" ಎಂದು ಆಗಲೇ ಎದ್ದು ಹೋಗುತ್ತಿದ್ದರು. ಇವರು ಹಾಗೆ ಹೋಗುವಂತಿರಲಿಲ್ಲ. ಚಪ್ಪಲಿ ಸಿಗಬೇಕಿತ್ತು. ಮಹೇಶ ಹಾರೆ ತಂದ. ನೆಂಟರು ಪಂಚೆ ಮೇಲೆ ಕಟ್ಟಿದರು. ಒಂದೊಂದೇ ಕಲ್ಲು ಎತ್ತಿ ಪಕ್ಕಕ್ಕಿಡುತ್ತಾ, ಸಿಕ್ಕ ಚಪ್ಪಲಿಯನ್ನು ಇದು ಯಾರದು ಎಂದು ಕೂಗುತ್ತಾ, ಮದುವೆ ಮನೆಗಿಂತ ಹೆಚ್ಚಿನ ಸಡಗರ. ನಾನು ಮಾತ್ರ ಕಂಬ ಹಿಡಿದು ನಿಂತಿದ್ದೆ. ಮಗನ ಸಂಬಂಧ ಆ ರಾಶಿಯ ಅಡಿಯಲ್ಲಿತ್ತು.

ಮಹದೇವಪ್ಪನವರು ಬೆತ್ತಲಾದ ಮಣ್ಣಿನ ಗೋಡೆಯನ್ನು ಅಂಗೈಯಿಂದ ಸವರಿ, ಗೆಣ್ಣಿನಿಂದ ತಟ್ಟಿದರು. ಸದ್ದೇ ಬರಲಿಲ್ಲ.

"ಎರಡಡಿ ದಪ್ಪ. ಹುಲ್ಲಾಕಿ ತುಳ್ದವ್ರೆ. ಗ್ವಾಡೆ ಗಟ್ಟಿ ಅದೆ ಕಣಕ್ಕ."

ಅಕ್ಕ ಆತನಕ ಬಾಯಿ ಬಿಟ್ಟಿರಲಿಲ್ಲ. ಈಗ ಕೇಳಿದರು: "ಗ್ವಾಡೆ ಸರಿ. ಈ ಕಲ್ಲ ಅಂಟುಸ್ದೋರ್ಯಾರು?"

ರತ್ನಮ್ಮ ಒಂದು ಗಳಿಗೆಯೂ ತಡಮಾಡದೆ ನನ್ನ ಕಡೆ ಕೈತೋರಿಸಿದಳು.

ಅಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದರು. ಆಮೇಲೆ ಹಾರೆ ಹಿಡಿದ ಮಹೇಶನನ್ನು ನೋಡಿದರು. "ಹುಡುಗನೂ ಇಂಗೇನಾ?"

ಅವರು ನೋಡಲು ಬಂದದ್ದು ಇದನ್ನೇ ಎಂದು ನನಗೆ ಆಗ ತಿಳಿಯಿತು.

"ಇಲ್ಲ ಕಣಕ್ಕ" ಎಂದಳು ರತ್ನಮ್ಮ. "ಅವ್ನು ಪೂರಾ ನನ್ನಂಗೆ. ಏನೂ ಮಾಡ್ಬೇಡಿ ಅಂತ ಅವತ್ತೇ ಯೋಳಿದ್ದ."

ಅಕ್ಕ ತಮ್ಮನನ್ನು ನೋಡಿದರು. ತಮ್ಮ ತಲೆಯಾಡಿಸಿದರು. ಮಹದೇವಪ್ಪನವರು ಸುಣ್ಣದ ರಾಶಿಯ ಕಡೆ ಬಗ್ಗಿ, ನನ್ನನ್ನು ಮೊದಲ ಬಾರಿಗೆ ಬಾಯಿತುಂಬ ಕರೆದರು:

"ಬೀಗ್ರೆ, ನನ್ ಎಡಗಾಲ್ ಚಪ್ಲಿ ಸಿಕ್ಕಿಲ್ಲ."

ಸಂಬಂಧ ಕುದುರಿದ್ದು ಹೀಗೆ. ಹುಡುಗ ಅಪ್ಪನಂತಿಲ್ಲ ಎಂಬ ಏಕೈಕ ಆಧಾರದ ಮೇಲೆ. ಬೀಗರು ನನ್ನ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದರು.

ಮದುವೆ ವೈಶಾಖದಲ್ಲಿ ಆಯಿತು. ಕಲ್ಲುಗಳನ್ನು ಜಬ್ಬಾರ್ ಸಾಹೇಬರು ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಹಾಸಿಕೊಟ್ಟಿದ್ದಾರೆ. ಮುಂಗೋಡೆಗೆ ಈ ಗೌರಿಹಬ್ಬಕ್ಕೆ ಎರಡು ಕೋಟು ಸುಣ್ಣ ಹೊಡೆದೆ. ರತ್ನಮ್ಮ ದೂರ ನಿಂತು, ಒಂದು ಕಡೆ ಬಿಟ್ಟುಹೋಗಿದೆ ಎಂದಳು. ಬಿಟ್ಟುಹೋಗಿತ್ತು.