ಅತ್ತೆ ಬಾಯಿ ಮುಚ್ಚಿದ ದಿನ

ನಮ್ಮ ಅತ್ತೆ ಬಾಯಿ ಮುಚ್ಚಿದ್ದನ್ನು ಕಂಡವರು ಬೈಂದೂರಿನಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ! ಯಾರೂ ಎತ್ತುವುದಿಲ್ಲ, ನನಗೆ ಗೊತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅಪ್ಪನ ಈ ಅಕ್ಕನಿಗೆ ಎರಡೂ ಇದ್ದವು. ಮೀನು ಮಾರುವವಳು. ಅವಳು “ಹ್ವಾಯ್!” ಎಂದರೆ ಹೆದ್ದಾರಿಯಲ್ಲಿ ಬಸ್ಸು ನಿಲ್ಲುತ್ತಿತ್ತು.

ಆ ಗಂಟಲಿಗೇ ಕ್ಯಾನ್ಸರ್ ಬಂತು. ರೇಡಿಯೇಶನ್‌ಗೆ ದಿನಾ ಕರೆದೊಯ್ಯುವ ಕೆಲಸ ನನ್ನದು. ಕುಂದಾಪುರ, ಸಾಲಿಗ್ರಾಮ, ಬ್ರಹ್ಮಾವರ... ಆ ಬಸ್ಸಿನ ಕಂಡಕ್ಟರಿಕೆಯನ್ನು ನಾನೀಗ ನಿದ್ದೆಯಲ್ಲೂ ಮಾಡಿಯೇನು! ಆಸ್ಪತ್ರೆಯಲ್ಲಿ ಮುಖಕ್ಕೆ ಜಾಲರಿಯ ಮುಖವಾಡ ಬಿಗಿದು ಮಲಗಿಸುತ್ತಿದ್ದರು. ಮೊದಲ ದಿನ ಹೊರಬಂದವಳೇ, “ಬಲೆಗ್ ಬಿದ್ದ್ ಬಂಗ್ಡಿ ಕಷ್ಟ ಇವತ್ತ್ ಗೊತ್ತಾಯ್ತ್ ಕಾಣಿ” ಎಂದು ಒಡೆದ ದನಿಯಲ್ಲೇ ಸಾಲಿನವರನ್ನೆಲ್ಲ ನಗಿಸಿದಳು. ನನಗೆ ನಗುವ ತ್ರಾಣ ಇರಲಿಲ್ಲ.

ರೇಡಿಯೇಶನ್ ಮುಗಿದು ಮೂರು ತಿಂಗಳಿಗೆ, ಗಡ್ಡೆ ಕರಗಿದೆಯೋ ಇಲ್ಲವೋ ನೋಡಲು ಪೆಟ್ ಸ್ಕ್ಯಾನ್. ಇಂಜೆಕ್ಷನ್ ಕೊಟ್ಟ ನರ್ಸ್ ಹೇಳಿದರು: “ಒಂದು ಗಂಟೆ ಮಾತಾಡಬೇಡಿ ಅಮ್ಮ. ಮಾತಾಡಿದರೆ ಗಂಟಲಿನ ಸ್ನಾಯು ಸ್ಕ್ಯಾನಲ್ಲಿ ಹೊಳೆಯುತ್ತೆ. ಕಾಯಿಲೆ ಯಾವುದು, ಮಾತು ಯಾವುದು ಗೊತ್ತಾಗಲ್ಲ.”

ಹೇಳಿದ್ದು ಯಾರಿಗೆ? ಗಂಟಲು ದೀಪಾವಳಿಯಂತೆ ಹೊಳೆಯಿತು! ಡಾಕ್ಟರು ತಲೆ ಕೆರೆದುಕೊಂಡು, “ಏನಮ್ಮಾ, ಮಾತಾಡಿದಿರಾ?” ಎಂದರು.

“ನಾನೆಲ್ಲ್ ಮಾತಾಡ್ದೆ? ಪಕ್ಕದ್ ಹೆಂಗ್ಸ್ ಬಾರ್ಕೂರಿಂದ್ ಅಂಬ್ರ್. ಬಂಗ್ಡಿ ಸಾರಿಗೆ ಟೊಮೇಟೊ ಹಾಕ್ತ್ರಂಬ್ರ್! ಕೇಂಡ್ಕಂಡ್ ಸುಮ್ನಿಪ್ಪುಕೆ ಆತ್ತಾ?”

ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್. ಮತ್ತೆ ಬಸ್ಸು. ಈ ಸಲ ಅತ್ತೆ ತುಟಿ ಬಿಚ್ಚಲಿಲ್ಲವೆಂದು ನರ್ಸೇ ಹೇಳಿದರು. ಸ್ಕ್ಯಾನ್ ಮುಗಿಯಿತು, ಬಸ್ಸು ಬ್ರಹ್ಮಾವರ ದಾಟಿತು, ಕೋಟ ದಾಟಿತು; ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಪರಿಚಯದ ಕಂಡಕ್ಟರು, “ಎಂತ ಅಕ್ಕಾ, ಮಾತಿಲ್ಯಾ?” ಎಂದರೂ ಇಲ್ಲ. ಇಂಥದೊಂದು ನಿಶ್ಶಬ್ದಕ್ಕೆ ನಾನು ಎಷ್ಟು ಹರಕೆ ಹೊತ್ತಿದ್ದೆ! ಸಿಕ್ಕಾಗ ನಾನೇ ಅದನ್ನು ಮುರಿದೆ.

“ಆ ಒಂದ್ ಗಂಟೆ ಆಗಿ ಎಷ್ಟೊತ್ತಾಯ್ತ್, ಮಾತಾಡ್ ಮಾರಾಯ್ತಿ” ಎಂದೆ.

ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ರಿಪೋರ್ಟ್ ಬಪ್ಪು ತನ್ಕ ಬ್ಯಾಡ ಮಗಾ. ಮತ್ತೆ ಹೊಳುದ್ರೆ? ನಂಗೆ ಹೆದ್ರಿಕೆ ಆತ್ತ್.”

ಅವಳಿಗೂ ಹೆದರಿಕೆ ಎಂಬುದೊಂದಿದೆ ಎಂದು ನನಗೆ ತಿಳಿದದ್ದೇ ಆಗ. ಮನೆಯವರೆಗೂ ಅವಳ ಕೈ ಹಿಡಿದುಕೊಂಡೇ ಕೂತೆ.

ಮರುದಿನ ಮಧ್ಯಾಹ್ನ ಡಾಕ್ಟರು ಫೋನು ಮಾಡಿದರು. ಗಡ್ಡೆಯ ಗುರುತೂ ಇಲ್ಲ ಎಂದರು. ಹೇಳಿದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂಗಳಕ್ಕಿಳಿದು, ರಸ್ತೆಯಲ್ಲಿ ಹೋಗುತ್ತಿದ್ದ ಮೀನಿನ ರಿಕ್ಷಾಕ್ಕೆ ಕೈ ಎತ್ತಿದಳು.

“ಹ್ವಾಯ್! ಬಂಗ್ಡಿ ಇತ್ತಾ?”

ಹಳೆಯ ದನಿಯ ಕಾಲು ಭಾಗವೂ ಇರಲಿಲ್ಲ. ರಿಕ್ಷಾ ನಿಲ್ಲಲಿಲ್ಲ. ನಾನು ಚಪ್ಪಲಿಯನ್ನೂ ಹಾಕದೆ, ಅಳುತ್ತಾ, ಅದರ ಹಿಂದೆ ಓಡಿದೆ.