ಗ್ಯಾಲಕ್ಸಿಯ ನಡುವಿನಿಂದ ಬಂದ ಸುದ್ದಿ

ತಪ್ಪಾದದ್ದು ಸೊಸೆ ಅತ್ತೆಗೆ ಫೋನ್ ಮಾಡಿದ್ದರಿಂದ. ಗಂಡನಿಗೆ ಮಾಡಿದ್ದರೆ ಆತ "ಹೌದಾ, ಸರಿ" ಎಂದು ಇಟ್ಟುಬಿಡುತ್ತಿದ್ದ. ಸುದ್ದಿ ಅಲ್ಲೇ ತಣ್ಣಗಾಗುತ್ತಿತ್ತು.

ಆದರೆ ನಮ್ಮ ಗ್ಯಾಲಕ್ಸಿಯ ನಡುವಿನಿಂದ ಬರುವ ಗಾಮಾ ಕಿರಣಗಳ ಬಗ್ಗೆ ಇಷ್ಟು ವರ್ಷ ದಿನಾ ಕೇಳುತ್ತಿದ್ದವರು ಅತ್ತೆಯೊಬ್ಬರೇ. ಎಲ್ಲಿ ಹುಟ್ಟುತ್ತವೆಂದು ಯಾರ ಲೆಕ್ಕಕ್ಕೂ ಸಿಗದ ಆ ಕಿರಣಗಳನ್ನು ಅವರು ದಾರಿ ತಪ್ಪಿದ ನೆಂಟರಂತೆ ವಿಚಾರಿಸಿಕೊಳ್ಳುತ್ತಿದ್ದರು. ಒಂದು ದಿನವಾದರೂ ಅವರಿಗೆ ಉತ್ತರ ಕೊಡಬೇಕೆಂಬುದೇ ಆ ಕಿರಣಗಳ ಸಂಶೋಧನೆಯಲ್ಲಿದ್ದ ಸೊಸೆಯ ಆಸೆ.

ಅಂದು ಬೆಳಿಗ್ಗೆ ಸಂಶೋಧನಾಲಯದ ಕಂಪ್ಯೂಟರಿನಲ್ಲಿ, ಕಿರಣಗಳ ಗದ್ದಲದ ನಡುವೆ, ಸ್ಪಷ್ಟವಾದೊಂದು ಮಿಡಿತ ಕಂಡಿತು.

"ಅತ್ತೆ, ಸಿಕ್ತು! ಆ ಕಿರಣ ಹುಟ್ಟಿಸೋದು ಬುಗುರಿ ಥರ ಗಿರಗಿರ ಸುತ್ತೋ ಸತ್ತ ನಕ್ಷತ್ರಗಳು!"

"ಸತ್ಮೇಲೂ ಸುತ್ತುತ್ವಾ? ಪಾಪ, ಹೆಣ್ಣು ಜನ್ಮಾನೇ ಇರ್ಬೇಕು."

ಸುದ್ದಿ ಹಾಲಿನಂತೆ ಬೀದಿಗೆ ಉಕ್ಕಿತು. ಎದುರುಮನೆ ಟೈಲರಮ್ಮ ಅರ್ಧ ತೋಳು ಹೊಲಿದಿಟ್ಟು ಓಡಿಬಂದರು. ಮೇಲ್ಮಹಡಿಯ ವಕೀಲರು "ಇದು ನಮ್ಮ ಕಟ್ಟಡದ ಸಾಧನೆ" ಎಂದು ಹೂಗುಚ್ಛ ತರಿಸಿದರು.

ಅತ್ತ ಸೊಸೆ ತನ್ನ ತಂಡದ ಮುಖ್ಯಸ್ಥರಿಗೆ ಮಿಡಿತ ತೋರಿಸಿದಳು. ಯಾವುದನ್ನೂ ನಂಬದ ಅವರಿಗೆ ಸಂಶಯರಾಯರೆಂದೇ ಹೆಸರು. ಅವರು ಕಿವಿಯವರೆಗೆ ನಕ್ಕರು.

"ಭೇಷ್ ಕಣಮ್ಮ! ನೀವು ಹಿಡೀತೀರೋ ಇಲ್ವೋ ನೋಡೋಣಾಂತ ನಿಮ್ಮ ಫೈಲಿಗೆ ನಾನೇ ಒಂದು ಸುಳ್ಳು ಮಿಡಿತ ಸೇರಿಸಿದ್ದೆ. ಪಾಸು!"

ಅವರ ಕಸುಬಿನಲ್ಲಿ ಅದು ಮಾಮೂಲು. ಬೇರೆಯವರಿಗೆ ಅವಳೂ ಹೀಗೆ ಮಾಡಿದ್ದಳು. ಆಗ ಬಹಳ ತಮಾಷೆಯೆನಿಸಿತ್ತು.

ಸಂಜೆ ಗಾಳಿ ಹೋದ ಚೆಂಡಿನಂತೆ ಮನೆಗೆ ಬಂದರೆ, ಕೂರಲು ಜಾಗವಿಲ್ಲದಷ್ಟು ಜನ. ನಿಂತೇ ಎಲ್ಲ ಹೇಳಿದಳು.

"ಅಂದ್ರೆ ಅವರೇ ಬಚ್ಚಿಟ್ಟು ನಿನ್ ಕೈಲಿ ಹುಡುಕಿಸಿದ್ರಾ? ಸಂಬಳ ಕೊಟ್ಟು ಕಣ್ಣಾಮುಚ್ಚಾಲೆ ಆಡಿಸ್ತಾರಾ?" ಎಂದರು ಟೈಲರಮ್ಮ.

"ಕೇಸ್ ಹಾಕೋಣ," ಎಂದರು ವಕೀಲರು.

"ಸುಮ್ನಿರ್ರೀ ನೀವು. ಮಗು ಮುಖ ನೋಡಿ, ಹೇಗ್ ಬಾಡಿದೆ," ಎಂದು ಅತ್ತೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆ ಮಾತಿಗೇ ಅವಳ ಕಣ್ಣು ತುಂಬಿತು. ಸೋತದ್ದಕ್ಕಲ್ಲ, ಈ ಮುದುಕಿಯ ಖುಷಿಯನ್ನು ತಾನೇ ಕಿತ್ತುಕೊಂಡೆನಲ್ಲಾ ಎಂದು.

ಅಷ್ಟರಲ್ಲಿ ಫೋನ್. ಸಂಶಯರಾಯರದು.

"ಅಮ್ಮಾ, ಎಡವಟ್ಟಾಗಿದೆ. ಆ ಸುಳ್ಳು ಮಿಡಿತ ನಿಮ್ಮ ಫೈಲಿಗೆ ಹೋಗೇ ಇಲ್ಲ, ನನ್ನ ಫೈಲಲ್ಲೇ ಕೂತಿದೆ. ನೀವು ನೋಡಿದ್ದು ಆಕಾಶದ್ದೇ!"

ಅವಳು ಚಂಗನೆ ಎದ್ದಳು. "ಅತ್ತೆ! ಸಿಕ್ಕಿದೆ! ನಿಜವಾಗ್ಲೂ ಸಿಕ್ಕಿದೆ!"

ಟೈಲರಮ್ಮ ವಕೀಲರ ಮುಖ ನೋಡಿದರು. ವಕೀಲರು ಹೂಗುಚ್ಛವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

ಅತ್ತೆ ಸೊಸೆಯ ಹಣೆ ಮುಟ್ಟಿ ನೋಡಿದರು.

"ಹೂಂ ಕಂದಾ, ಸಿಕ್ಕಿದೆ. ಯಾರು ಇಲ್ಲ ಅಂದ್ರು? ಬಾ, ಒಂಚೂರು ಮಲಗು."

ಹಾಗೆನ್ನುತ್ತಲೇ, ಸಂಶಯರಾಯರು ಇನ್ನೂ "ಹಲೋ, ಹಲೋ" ಅನ್ನುತ್ತಿದ್ದ ಫೋನನ್ನು ಅವಳ ಕೈಯಿಂದ ಮೃದುವಾಗಿ ಬಿಡಿಸಿಕೊಂಡು, ಆಫ್ ಮಾಡಿದರು.