ಫೀಡ್ ರೀಡರ್ ಮತ್ತು ಮಾತು ಬಿಟ್ಟ ಮೇಷ್ಟ್ರು

ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ ನಾನು ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ ಕಾಲದಲ್ಲಿ, ನಗು ಬಂದರೂ ನಗಬಾರದಂಥ ಪ್ರಸಂಗ ವಾರಕ್ಕೊಂದಾದರೂ ಆಗುತ್ತಿತ್ತು. ಗಿರಾಕಿಯ ಮುಂದೆ ನಕ್ಕರೆ ಮರುದಿನ ಅವರು ಎದುರಿನ ಸೆಂಟರಿಗೆ ಹೋಗಿಬಿಡುತ್ತಿದ್ದರು. ಆಗ ತಡೆದುಕೊಂಡದ್ದನ್ನೆಲ್ಲ ಈಗ ನಗುತ್ತಿದ್ದೇನೆ.

೧. ಕೂತಲ್ಲಿಗೇ ಸುದ್ದಿ

ನಮಗೆ ಬೇಕಾದ ಪತ್ರಿಕೆ, ಬ್ಲಾಗುಗಳನ್ನು ಫೀಡ್ ರೀಡರಿಗೆ ಒಮ್ಮೆ ಸೇರಿಸಿಬಿಟ್ಟರೆ, ಅವುಗಳ ಹೊಸ ಬರಹವೆಲ್ಲ ಒಂದೇ ಪುಟಕ್ಕೆ ಬಂದು ಬೀಳುತ್ತದೆ. ಆಗ ನನಗೆ ಅದೇ ಹುಚ್ಚು. ಗಾವಡಗೆರೆಯ ಹೊಗೆಸೊಪ್ಪಿನ ರೈತರೊಬ್ಬರನ್ನು ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದೆ.

"ಇನ್ಮೇಲೆ ನೀವು ಸುದ್ದಿ ಹುಡುಕ್ಕೊಂಡು ಹೋಗ್ಬೇಕಾಗಿಲ್ಲ ಗೌಡ್ರೇ, ನೀವಿದ್ದಲ್ಲಿಗೇ ಬರುತ್ತೆ."

"ನಾನಿರೋ ತಾವ್ಕೇ ಬತ್ತದಾ?"

"ಹೂಂ."

"ಅಂಗಾದ್ರೆ ನಾನ್ಯಾಕ್ ಸ್ವಾಮಿ ಗಾವಡಗೆರೆಯಿಂದ ಬಸ್ಸಲ್ಲಿ ನಿಂತ್ಕಂಡು ಬಂದೆ?" ಎಂದು ಎದ್ದೇಬಿಟ್ಟರು.

೨. ಸುಳ್ಳು ರುಜು

ನಿವೃತ್ತ ಹೆಡ್ಮಾಸ್ಟರೊಬ್ಬರು ದಿನಾ ಬೆಳಿಗ್ಗೆ ಬರುತ್ತಿದ್ದರು. ಓದದೆ ಉಳಿದ ಬರಹಗಳ ಸಂಖ್ಯೆ ರೀಡರಿನಲ್ಲಿ ಕಾಣುತ್ತದಲ್ಲ, ಅದು ಸೊನ್ನೆಯಾಗುವವರೆಗೆ ಏಳುತ್ತಿರಲಿಲ್ಲ. ಒಮ್ಮೆ ಮೊಮ್ಮಗಳ ನಾಮಕರಣ ಮುಗಿಸಿ ಬಂದು ನೋಡಿದರೆ ಮುನ್ನೂರು ದಾಟಿತ್ತು. ಪಾಪ ಅನ್ನಿಸಿ, ಎಲ್ಲವನ್ನೂ ಓದಿದ್ದಾಗಿದೆ ಎನ್ನುವ ಗುಂಡಿ ನಾನೇ ಒತ್ತಿದೆ. ಮೇಷ್ಟ್ರು ಕೆಂಡವಾದರು.

"ಓದದೇನೇ ಓದಿದೆ ಅಂತ ಬರೆಸ್ತೀಯೇನಯ್ಯಾ? ಇನ್ಸ್‌ಪೆಕ್ಷನ್ ದಿವಸ ಕೂಡ ಇಂಥ ಸುಳ್ಳು ರುಜು ಹಾಕಿದವನಲ್ಲ ನಾನು!"

ಮುನ್ನೂರನ್ನೂ ಒಂದೊಂದಾಗಿ ಮತ್ತೆ ಓದದವುಗಳ ಪಟ್ಟಿಗೆ ಸೇರಿಸುವಷ್ಟರಲ್ಲಿ ನನ್ನ ಬೆರಳು ಬಿದ್ದುಹೋಯಿತು.

೩. ಮಾತು ಬಿಟ್ಟವರು

ಆ ಮೇಷ್ಟ್ರು ಎಲ್ಲಕ್ಕಿಂತ ಮೊದಲು ಓದುತ್ತಿದ್ದದ್ದು ಕೆ.ಆರ್. ನಗರದಲ್ಲಿದ್ದ ಹಳೆಯ ಸ್ನೇಹಿತರ ಬ್ಲಾಗು. ಬೀಳ್ಕೊಡುಗೆಯ ಗ್ರೂಪ್ ಫೋಟೋದಲ್ಲಿ ನಡುವಿನ ಕುರ್ಚಿ ಯಾರದ್ದು ಅಂತ ಜಗಳವಾಡಿ ಇಬ್ಬರೂ ಮಾತು ಬಿಟ್ಟಿದ್ದರು. "ಇದರಲ್ಲಿ ಓದಿದ್ರೆ ಅವನಿಗೆ ಗೊತ್ತಾಗಲ್ಲ ತಾನೆ?" ಎಂದು ಮೇಷ್ಟ್ರು ಮೂರು ಸಲ ಕೇಳಿದ್ದರು. "ಇಲ್ಲ ಸಾರ್, ನೀವು ಅವರ ಪುಟಕ್ಕೇ ಹೋಗಲ್ಲವಲ್ಲ" ಎಂದಿದ್ದೆ.

ಒಮ್ಮೆ ಆ ಬ್ಲಾಗು ನಿಂತಿತು. ಒಂದು ವಾರವಾಯಿತು, ಎರಡಾಯಿತು. ಮೇಷ್ಟ್ರು ಬೇರೆ ಸುದ್ದಿ ಬಿಟ್ಟು ಆ ಒಂದು ಹೆಸರನ್ನೇ ನೋಡುತ್ತ ಕೂರುತ್ತಿದ್ದರು. "ಅವನಿಗೆ ಬಿ.ಪಿ. ಇದೆ ಕಣಯ್ಯ" ಅಂದಾಗ ನನಗೂ ಸಂಕಟವಾಯಿತು. ಮೂರನೇ ವಾರ ಸೆಂಟರಿಗೆ ಬೀಗ ಹಾಕಿಸಿ ನನ್ನನ್ನೂ ಬಸ್ಸು ಹತ್ತಿಸಿದರು. "ನಾನು ಮಾತಾಡಲ್ಲ. ನೀನು ವಿಚಾರಿಸು."

ಹೋಗಿ ನೋಡಿದರೆ ಸ್ನೇಹಿತರು ಗುಂಡುಕಲ್ಲಿನ ಹಾಗಿದ್ದರು, ದಾಸವಾಳಕ್ಕೆ ನೀರು ಹಾಕುತ್ತಿದ್ದರು. ಮೇಷ್ಟ್ರು ನನ್ನ ಬೆನ್ನ ಹಿಂದೆ ಕಣ್ಣೊರೆಸಿಕೊಂಡರು. ಬ್ಲಾಗು ಯಾಕೆ ನಿಲ್ಲಿಸಿದಿರಿ ಎಂದು ನಾನು ಕೇಳಿದೆ.

"ಯಾರಿಗೆ ಬರೀಲಪ್ಪಾ? ಎಷ್ಟು ಜನ ಬಂದ್ರು ಅಂತ ತೋರಿಸೋ ಮೀಟರ್ ಇದೆಯಲ್ಲ, ನಾನು ನೋಡಿದ್ದು ಬಿಟ್ರೆ ಅದು ಮೇಲೇಳಲೇ ಇಲ್ಲ. ಒಬ್ಬನೂ ಓದ್ಲಿಲ್ಲ."

"ಒಬ್ಬನೂ ಓದ್ಲಿಲ್ವಾ?" ಮೇಷ್ಟ್ರು ನನ್ನನ್ನು ತಳ್ಳಿಕೊಂಡು ಮುಂದೆ ಬಂದರು. "ಎರಡು ವರ್ಷದಿಂದ ಒಂದಕ್ಷರ ಬಿಡದೆ ನಾನು ಓದ್ತಿಲ್ವೇನೋ?"

"ಮತ್ತೆ ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ?"

"ಹೆಂಗೋ ಹೇಳ್ಲಿ? ನಿನ್ನ ಜೊತೆ ಮಾತು ಬಿಟ್ಟಿದ್ದೀನಲ್ಲೋ!"